ಈ ಕೆಳಸ ಶುಗಿಯಲ್ಲ

ಬುಧವಾರ ಬೆಳಗ್ಗೆ ಎಂಟೂವರೆಗೆ ಮೇಸ್ತ್ರಿ ತಗಡಿನ ಕೋಣೆಯ ಬಾಗಿಲು ತೆಗೆದಾಗ ಹತ್ತನೆಯ ಸಂಪುಟದ ಗೂಡು ಬರಿದಾಗಿತ್ತು. ಹಿಂದಿನ ದಿನದವರೆಗೆ ಅಲ್ಲಿ ನಲವತ್ತೆರಡು ಸತುವಿನ ತಗಡುಗಳಿದ್ದವು. ಈಗ ಅವುಗಳ ಜಾಗದಲ್ಲಿ ಚುಕ್ಕಿ ಒತ್ತಿದ ಒಂದು ದಪ್ಪ ಹಾಳೆ ಬಿದ್ದಿತ್ತು. ಮೇಸ್ತ್ರಿ ಅದನ್ನು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದು ಓದಿದರು, ಇನ್ನೊಮ್ಮೆ ಓದಿದರು, ಆಮೇಲೆ ಹಾಗೇ ಸ್ಟೂಲಿನ ಮೇಲೆ ಕುಸಿದರು. ಅವರ ನಿವೃತ್ತಿಗೆ ಮೂರು ದಿನ ಬಾಕಿಯಿತ್ತು.

ಅವರ ಕೂಗಿಗೆ ಮೊದಲು ಓಡಿಬಂದವನು ಗಂಟಲು. ಅವನಿಗೆ ಆ ಹೆಸರು ಬಂದದ್ದು ಕೆಲಸದಿಂದ. ಅದು ಬ್ರೈಲ್ ಮುದ್ರಣಾಲಯ. ಎಷ್ಟು ಹುಡುಕಿದರೂ ಒಂದು ತೊಟ್ಟು ಮಸಿ ಸಿಗುತ್ತಿರಲಿಲ್ಲ. ತಗಡಿನ ಮೇಲೆ ಚುಕ್ಕಿ ಎಬ್ಬಿಸಿ, ಆ ತಗಡಿಗೆ ಹಾಳೆ ಒತ್ತಿದರೆ ಪುಸ್ತಕ. ಮೊದಲ ಪ್ರತಿಯನ್ನು ಕರಡು ತಿದ್ದುವ ಹೆಂಗಸು ಬೆರಳಿನಿಂದ ಓದುವಳು, ಅವಳ ಎದುರು ಕೂತು ಇವನು ಮೂಲವನ್ನು ಗಟ್ಟಿಯಾಗಿ ಓದುವನು. ಹತ್ತೊಂಬತ್ತು ವರ್ಷ ಹೀಗೆ ಕೂತು ಕೂತು ಅವಳು ಎಲ್ಲರಿಗೂ ಬೆರಳಕ್ಕನಾಗಿದ್ದಳು, ಇವನು ಗಂಟಲು. ಹುಟ್ಟಿದಾಗಿನಿಂದ ಕಣ್ಣು ಕಾಣದ ಬೆರಳಕ್ಕ ಆ ಕಟ್ಟಡದಲ್ಲಿ ಕಳೆದುಹೋದ ಛತ್ರಿಯಿಂದ ಹಿಡಿದು ಸುಳ್ಳು ರಜೆಯವರೆಗೆ ಎಷ್ಟೋ ಗುಟ್ಟುಗಳನ್ನು ಬಯಲಿಗೆಳೆದಿದ್ದಳು. ಅವಳ ಜೊತೆ ಇರುವುದೇ ತನ್ನ ದೊಡ್ಡಸ್ತಿಕೆ ಎಂದು ಗಂಟಲು ನಂಬಿದ್ದ, ಅದನ್ನು ಅವಳಿಗೆ ಹೇಳಿರಲಿಲ್ಲ ಅಷ್ಟೆ.

"ಓದಯ್ಯ," ಎಂದು ಮೇಸ್ತ್ರಿ ಹಾಳೆ ಚಾಚಿದರು.

ಗಂಟಲು ಓದಿದ. ಹಾಳೆಯ ಮೇಲೆ ಇದ್ದದ್ದು ಇಷ್ಟು: 'ತಗಡು ಹುಡುಕಭೇಡಿ. ಈ ಕೆಳಸ ಶುಗಿಯಲ್ಲ.'

"ಶುಗಿಯಲ್ಲ?"

"ಮುಗಿಯಲ್ಲ ಅಂತಿರಬೇಕು. ನನ್ನ ಕೆಲಸ ಮುಗಿಯಲ್ಲ ಅಂತೆ." ಮೇಸ್ತ್ರಿ ಬರಿದಾದ ಗೂಡಿನ ಕಡೆ ನೋಡಿದರು. "ಮೂವತ್ತಾರು ವರ್ಷ ದುಡಿದಿದ್ದಕ್ಕೆ ಒಳ್ಳೇ ಉಡುಗೊರೆ ಕೊಟ್ರು."

ಅವರ ಹಿಂದಿನ ಗೋಡೆಯ ಮೇಲೆ, ಮೂರು ತಿಂಗಳಿಂದ ಎಲ್ಲರ ನಿದ್ದೆ ಕೆಡಿಸಿದ್ದ ಪಟ್ಟಿ ತೂಗುತ್ತಿತ್ತು. ನಿವೃತ್ತಿಯ ದಿನ ಗೊತ್ತಾದ ಕೂಡಲೇ ಮೇಸ್ತ್ರಿಗೆ ಅಷ್ಟು ವರ್ಷ ಮುಂದಕ್ಕೆ ಹಾಕಿದ್ದ ಕೆಲಸಗಳೆಲ್ಲ ಒಟ್ಟಿಗೆ ನೆನಪಾಗಿದ್ದವು. ಹಳೆಯ ತಗಡುಗಳ ಯಾದಿ, ಸಂಗೀತ ಪಾಠದ ಮರುಮುದ್ರಣ, ಸವೆದ ರೋಲರ್ ಬೆಲ್ಟು, ಗೂಡುಗಳಿಗೆ ಚೀಟಿ, ಗುಜರಿ ಸಾಗಣೆ, ಒಟ್ಟು ಹನ್ನೊಂದು. ಹೆಂಡತಿ ಮನೆಯ ಜಗಲಿಗೆ ಒರಗುವ ಕುರ್ಚಿ ತರಿಸಿಟ್ಟಿದ್ದರೆ ಇವರು ಅದರ ಕಾಗದ ಕೂಡ ಬಿಚ್ಚಿರಲಿಲ್ಲ. ಹತ್ತಕ್ಕೆ ಗೆರೆ ಬಿದ್ದಿತ್ತು ಅಥವಾ ಬೀಳುವುದರಲ್ಲಿತ್ತು. ಹನ್ನೊಂದನೆಯದು ಮಕ್ಕಳ ನಿಘಂಟಿನ ಹತ್ತನೆಯ ಸಂಪುಟ, ಕೊನೆಯದು. ಅರವತ್ತೊಂದು ತಪ್ಪುಗಳ ತಿದ್ದುಪಡಿ ಮಾತ್ರ ಉಳಿದಿತ್ತು, ಬುಧವಾರ ಅದಕ್ಕೆ ಕೂರುವುದೆಂದು ಮೇಸ್ತ್ರಿ ವಾರದಿಂದ ಸಾರುತ್ತಿದ್ದರು.

ಅಷ್ಟರಲ್ಲಿ ಮ್ಯಾನೇಜರ್ ಬಂದರು. ಅವರು ಬಂದು ವರ್ಷವಾಗಿತ್ತು, ಬ್ರೈಲಿನಲ್ಲಿ ತಮ್ಮ ಹೆಸರನ್ನೂ ಗುರುತಿಸಲಾರರು. ತಗಡು, ಸುತ್ತಿಗೆ ಎಲ್ಲ ಬಿಟ್ಟು ಕಂಪ್ಯೂಟರ್ ತರಬೇಕು ಎಂಬುದು ಅವರ ಒಂದೇ ಹಾಡು. ಹಾಳೆಯಲ್ಲಿ ಏನಿದೆ ಎಂದು ಗಂಟಲಿನಿಂದ ಅಕ್ಷರ ಅಕ್ಷರ ಓದಿಸಿಕೊಂಡು, ಬರೆದುಕೊಂಡು, ತಮ್ಮ ಕೋಣೆಗೆ ಹೋಗಿ ಒಂದು ಫೈಲು ತಂದರು.

"ಇದು ಬೈಂಡರ್ ಬ್ರೈಲಿನಲ್ಲಿ ಕೊಟ್ಟ ರಜಾ ಅರ್ಜಿ. ಕೆಳಗೆ ಶಾಯಿಯಲ್ಲಿ ನಕಲು ಮಾಡಿರೋದು ನೀವೇ ಅಲ್ವಾ?"

ಗಂಟಲು ಹೌದೆಂದು ತಲೆಯಾಡಿಸಿದ. ಬೈಂಡರನ ಕಾಗುಣಿತ ಇಡೀ ಕಟ್ಟಡಕ್ಕೆ ತಮಾಷೆ. ಆ ಅರ್ಜಿಯನ್ನು ನಕಲು ಮಾಡುವಾಗ ಗಂಟಲು ತಪ್ಪು ತಿದ್ದದೆ, ಬೇಕೆಂದೇ ಹಾಗೇ ಇಳಿಸಿದ್ದ: 'ಸಂಬಂದಿಕರ ಮನೆ ಕಾಲಿ ಮಾಡಿಸುವ ಕೆಳಸ ಇದೆ. ಬರಳು ಆಗುವುದಿಲ್ಲ.' ನಕ್ಕು ಮರೆಯಬೇಕಾಗಿದ್ದ ಕಿಡಿಗೇಡಿತನ ಈಗ ಒಬ್ಬನ ಕುತ್ತಿಗೆಗೆ ಬಂದಿತ್ತು.

"ಅಲ್ಲೂ ಕೆಳಸ, ಇಲ್ಲೂ ಕೆಳಸ," ಎಂದರು ಮ್ಯಾನೇಜರ್. "ನಿನ್ನೆ ಮಧ್ಯಾಹ್ನ ಮೇಸ್ತ್ರಿ ಜೊತೆ ಜಗಳ ಆಡಿದ್ದು ಯಾರು? 'ನಿಮ್ಮ ಹತ್ತನೇ ಸಂಪುಟ ಮುಗಿಯಲ್ಲ ಬಿಡಿ' ಅಂತ ಕೂಗಿದ್ದು ಯಾರು? ನನ್ನ ಕೋಣೆವರೆಗೂ ಕೇಳಿಸ್ತು."

ಕೂಗಿದ್ದು ನಿಜ. ಬೈಂಡರನಿಗೂ ಕಣ್ಣು ಕಾಣದು. ಇಪ್ಪತ್ತೆರಡು ವರ್ಷದಿಂದ ಅಲ್ಲಿ ಹೊಲಿದು ಅಂಟಿಸಿ ರಟ್ಟು ಹಾಕುತ್ತಿದ್ದ. ಮೇಸ್ತ್ರಿಯ ಹನ್ನೊಂದು ಕೆಲಸಗಳಲ್ಲಿ ಏಳು ಕೊನೆಗೆ ಅವನ ಮೇಜಿಗೇ ಬಂದು ಬೀಳುತ್ತಿದ್ದುದರಿಂದ ಮಂಗಳವಾರ ಅವನ ಸಹನೆ ಕಟ್ಟೆಯೊಡೆದಿತ್ತು. ಅದೂ ಸಾಲದೆಂಬಂತೆ, ಹಾಳೆಯ ಚುಕ್ಕಿಗಳನ್ನು ಒತ್ತಿದ್ದು ಯಂತ್ರದಲ್ಲಲ್ಲ, ಕೈಯಿಂದ ಚುಕ್ಕಿ ಮೂಡಿಸುವ ಲೋಹದ ಸ್ಲೇಟಿನಲ್ಲಿ, ಮತ್ತು ಆ ಕಟ್ಟಡದಲ್ಲಿ ಗೋಡೆಗೆ ನೇತುಹಾಕಿದ ಸ್ಲೇಟು ಇದ್ದದ್ದು ಬೈಂಡರನ ಮೇಜಿನ ಬಳಿ ಮಾತ್ರ.

"ನಾನು ತಗಡು ಮುಟ್ಟಿಲ್ಲ ಸಾರ್," ಎಂದ ಬೈಂಡರ್, ಕರೆಸಿ ಕೇಳಿದಾಗ. ಅವನ ಕೈಗೆ ಇನ್ನೂ ಅಂಟು ಮೆತ್ತಿತ್ತು. "ಜಗಳ ಆಡಿದ್ದೀನಿ, ಒಪ್ಕೋತೀನಿ. ಜಗಳ ಆಡೋನು ಮುಖದ ಮೇಲೇ ಆಡ್ತಾನೆ, ಚೀಟಿ ಯಾಕೆ ಬರೀತಾನೆ?"

"ಸಂಜೆ ನಾಲ್ಕಕ್ಕೆ ಆಡಳಿತ ಮಂಡಳಿಗೆ ವರದಿ ಕೊಡಬೇಕು. ಅಷ್ಟರೊಳಗೆ ತಗಡು ಎಲ್ಲಿದೆ ಅಂತ ಹೇಳಿದ್ರೆ ಸರಿ. ಇಲ್ಲ ಅಂದ್ರೆ ನಾಳೆಯಿಂದ ಬರೋದು ಬೇಡ."

ಬೈಂಡರ್ ಎರಡು ಕೈಯನ್ನೂ ಏಪ್ರನ್ನಿಗೆ ಒರೆಸಿಕೊಂಡು, ಮತ್ತೆ ಒರೆಸಿಕೊಂಡು, ಬಾಗಿಲ ಚೌಕಟ್ಟು ತಡವುತ್ತ ಹೊರಗೆ ಹೋದ. ಈ ಊರಿನಲ್ಲಿ ಅವನಿಗೆ ಕೆಲಸ ಕೊಡುವ ಜಾಗ ಅದೊಂದೇ ಎಂದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು.

ಗಂಟಲು ನೇರವಾಗಿ ಕರಡಿನ ಕೋಣೆಗೆ ಬಂದ. ಬೆರಳಕ್ಕ ಕಾಫಿ ಲೋಟ ಹಿಡಿದು ಕಿಟಕಿಯ ಪಕ್ಕ ಕೂತಿದ್ದಳು.

"ಎಲ್ಲ ಕೇಳಿಸ್ತು," ಎಂದಳು. "ಹಾಳೆ ಎಲ್ಲಿ?"

ಅವಳು ಅದನ್ನು ಮೂರು ಸಲ ಓದಿದಳು. ಮೊದಲ ಸಲ ವೇಗವಾಗಿ, ಎರಡನೆಯ ಸಲ ನಿಧಾನವಾಗಿ, ಮೂರನೆಯ ಸಲ ಹಾಳೆಯನ್ನು ಮಗುಚಿ ಹಾಕಿ ಹಿಂಬದಿಯಿಂದ. ಆಮೇಲೆ ಒಂದು ಪದದ ಮೇಲೆ ಬೆರಳು ನಿಲ್ಲಿಸಿ ಬಹಳ ಹೊತ್ತು ಕೂತಳು.

"ಶುಗಿಯಲ್ಲ," ಎಂದಳು. "ನಿಂಗೆ ನಗು ಬರಲ್ವಾ?"

"ಬೈಂಡರ್ ಮನೆಗೆ ಹೋಗ್ತಾನೆ ಅಕ್ಕ ಇವತ್ತು. ಅದೂ ನನ್ನಿಂದ. ನಗು ಎಲ್ಲಿಂದ ಬರುತ್ತೆ?"

"ಬೈಂಡರ್ ಬರೆದಿದ್ದಲ್ಲ ಇದು. ಮ್ಯಾನೇಜರ್‌ಗೆ ಅವನ ಒಂದು ತಪ್ಪು ಕಾಣಿಸ್ತು, ಇನ್ನೊಂದು ಕಾಣಿಸಲಿಲ್ಲ. ನಡಿ, ಮೇಸ್ತ್ರಿ ಬೆಂಚಿಗೆ ಕರ್ಕೊಂಡು ಹೋಗು."

ಹೋಗುವ ದಾರಿಯಲ್ಲಿ ಹಿಂಬಾಗಿಲಿನ ಓಣಿ. ಅಲ್ಲಿ ಗೋಡೆಗೆ ಒತ್ತಿ ಗುಜರಿ ತಗಡುಗಳ ಪೇರಿಕೆ ಇತ್ತು. ಪುಸ್ತಕದ ಆಯುಷ್ಯ ಮುಗಿದ ಮೇಲೆ ತಗಡನ್ನು ರೋಲರಿಗೆ ಕೊಟ್ಟು ಚಪ್ಪಟೆ ಮಾಡಿ ಅಲ್ಲಿ ಒಟ್ಟುತ್ತಿದ್ದರು. ಬೆರಳಕ್ಕ ದಿನಾ ಆ ಓಣಿಯಲ್ಲಿ ಕೋಲಿಲ್ಲದೆ ನಡೆಯುವವಳು. ಇವತ್ತು ಪೇರಿಕೆಯ ಮೂಲೆ ಅವಳ ತೊಡೆಗೆ ತಗುಲಿತು. ಅವಳು ನಿಂತು, "ನಿನ್ನೆ ಮಂಡಿಗಿಂತ ಕೆಳಗಿತ್ತು," ಎಂದು ತನಗೇ ಹೇಳಿಕೊಂಡಳು. ಗಂಟಲಿಗೆ ಅದು ಬರೀ ನೋವಿನ ಮಾತಾಗಿ ಕೇಳಿಸಿತು.

ಮೇಸ್ತ್ರಿಯ ಬೆಂಚೆಂದರೆ ದೇವರಕೋಣೆ ಇದ್ದ ಹಾಗೆ, ಬೇರೆ ಯಾರೂ ಮುಟ್ಟುವಂತಿರಲಿಲ್ಲ. ಸಣ್ಣ ಸುತ್ತಿಗೆ, ಚುಕ್ಕಿ ಎಬ್ಬಿಸುವ ಉಳಿ, ತಗಡಿನ ಅಡಿಗೆ ಇಡುವ ಸೀಸದ ಹಲಗೆ. ತಪ್ಪು ಚುಕ್ಕಿಯನ್ನು ಮುಂಬದಿಯಿಂದ ತಟ್ಟಿ ಮಲಗಿಸಿ, ತಗಡು ಮಗುಚಿ, ಹಿಂಬದಿಯಿಂದ ಹೊಸ ಚುಕ್ಕಿ ಹೊಡೆಯುವುದು ತಿದ್ದುಪಡಿಯ ಕ್ರಮ. ಮೂವತ್ತಾರು ವರ್ಷ ಆ ಕೆಲಸ ಮೇಸ್ತ್ರಿಯ ಕೈಯೊಂದೇ ಮಾಡಿತ್ತು.

"ಹೋದ ವಾರದಿಂದ ಈಚೆಗೆ ಏನಾದ್ರೂ ತಿದ್ದಿದ್ರಾ?" ಎಂದು ಬೆರಳಕ್ಕ ಕೇಳಿದಳು.

"ಎಲ್ಲಿಂದ? ಸೋಮವಾರ ಪೂರ್ತಿ ಪಿಂಚಣಿ ಕಾಗದ ಅಂತ ಮುಖ್ಯ ಕಚೇರಿಯಲ್ಲಿ ಕೊಳೆತೆ. ನಿನ್ನೆ ಐದು ಗಂಟೆಗೇ ಮತ್ತೆ ಕರೆಸಿಕೊಂಡ್ರು, ಒಂದು ಸಹಿ ಬಿಟ್ಟುಹೋಗಿದೆ ಅಂತ. ಕಳೆದ ಶುಕ್ರವಾರ ಸಂಜೆ ಹಲಗೆಗೆ ಇಸ್ತ್ರಿ ಹೊಡೆದ ಹಾಗೆ ನುಣ್ಣಗೆ ಮಾಡಿ ಬಟ್ಟೆ ಮುಚ್ಚಿ ಇಟ್ಟವನು ಇನ್ನೂ ಮುಟ್ಟಿಲ್ಲ."

ಬೆರಳಕ್ಕನ ಬೆರಳು ಬಟ್ಟೆಯಡಿ ತೂರಿ ಆ ನುಣ್ಣನೆಯ ಹಲಗೆಯ ಮೇಲೆ ಸರಿಯಿತು, ನಿಂತಿತು, ಮತ್ತೆ ಸರಿಯಿತು. ಗಂಟಲು ಬಗ್ಗಿ ನೋಡಿದ. ಸೀಸದ ತುಂಬ ಹೊಸ ಗುಳಿಗಳಿದ್ದವು. ಅವನು ಬಾಯಿ ತೆರೆಯುವಷ್ಟರಲ್ಲಿ ಅವಳು ಅವನ ಕಾಲು ತುಳಿದಳು.

ಪಕ್ಕದ ಕೋಣೆಯಿಂದ ಚುಕ್ಕಿಯ ಯಂತ್ರದ ಸದ್ದು ಬರುತ್ತಿತ್ತು. ಅದನ್ನು ನಡೆಸುತ್ತಿದ್ದವಳು ಮೇಸ್ತ್ರಿಯ ಸೊಸೆ. ಹನ್ನೊಂದು ವರ್ಷದ ಹಿಂದೆ ಮೇಸ್ತ್ರಿ ಅವಳನ್ನು "ನನ್ನ ಸೊಸೆ" ಎಂದು ಪರಿಚಯ ಮಾಡಿಸಿದ ಮೇಲೆ ಇನ್ನೊಂದು ಹೆಸರು ಕೇಳುವ ಗೋಜಿಗೆ ಯಾರೂ ಹೋಗದೆ, ಅವಳು ಎಲ್ಲರಿಗೂ ಸೊಸೆಯಾಗಿದ್ದಳು. ಆರು ಕೀಲಿ ಒತ್ತಿದರೆ ಅಕ್ಷರ ನೆಟ್ಟಗೇ ಮೂಡುವುದು, ಹೆಬ್ಬೆರಳಿನಿಂದ ಕೆಳಗಿನ ಪಟ್ಟಿ ಒತ್ತಿದರೆ ಪದಗಳ ನಡುವಿನ ಜಾಗ. ಹನ್ನೊಂದು ವರ್ಷ ಆ ಯಂತ್ರದ ಮುಂದೆಯೇ ಕೂತವಳ ತಾಳ ಎಂದೂ ತಪ್ಪಿದ್ದಿಲ್ಲ.

"ಜಾಗದ ಪಟ್ಟಿ ತಡ ಆಗ್ತಿದೆ ಇವತ್ತು," ಎಂದಳು ಬೆರಳಕ್ಕ. "ಅವಳ ಹೆಬ್ಬೆರಳು ನೋಡ್ಕೊಂಡು ಬಾ."

ಗಂಟಲು ಹೋಗಿ ನೋಡಿದ. ಎಡ ಹೆಬ್ಬೆರಳಿಗೆ ಬಟ್ಟೆ ಸುತ್ತಿತ್ತು. ಬಾಗಿಲಿಗೆ ಸಿಕ್ಕಿತು ಎಂದಳು ಸೊಸೆ, ತಲೆಯೆತ್ತದೆ. ಅವಳ ಕಣ್ಣು ಕೆಂಪಾಗಿತ್ತು. ಮಾವನ ಸಂಕಟಕ್ಕೆ ಅತ್ತಿರಬೇಕೆಂದು ಗಂಟಲಿಗೆ ಅವಳ ಮೇಲೆ ಕನಿಕರ ಹುಟ್ಟಿತು.

ಮಧ್ಯಾಹ್ನ ಎರಡರವರೆಗೆ ಇಡೀ ಕಟ್ಟಡವನ್ನು ಜಾಲಾಡಿದರು. ಕಾಗದದ ಉಗ್ರಾಣ, ಮಾಳಿಗೆ, ಬೈಂಡರನ ರಟ್ಟುಗಳ ಹಿಂದೆ, ಕೊನೆಗೆ ಮ್ಯಾನೇಜರರ ಕಪಾಟೂ ಬಿಡಲಿಲ್ಲ. ಕಪಾಟು ತೆಗೆಸಿದ್ದು ಬೆರಳಕ್ಕ, ಮ್ಯಾನೇಜರ್ ಮುಖ ಊದಿಸಿಕೊಂಡರು. ತಗಡಿನ ಕೋಣೆಯ ಬೀಗದ ಕೈ ಹಜಾರದ ಮೊಳೆಗೆ ತೂಗುತ್ತಿದ್ದುದರಿಂದ ಯಾರು ಬೇಕಾದರೂ ತೆಗೆಯಬಹುದಿತ್ತು. ಆದರೆ ನಲವತ್ತೆರಡು ತಗಡು ಹೊತ್ತು ಯಾರೂ ಗೇಟು ದಾಟಿಲ್ಲವೆಂದು ಕಾವಲುಗಾರ ಆಣೆ ಮಾಡಿದ. ಬೈಂಡರ್ ಮಾತ್ರ ಯಾರ ಜೊತೆಗೂ ಹುಡುಕದೆ, ತನ್ನ ಮೇಜಿನಲ್ಲಿದ್ದ ಸೂಜಿ, ದಾರ, ಕತ್ತರಿಗಳನ್ನು ಒಂದೊಂದಾಗಿ ಒರೆಸಿ ಒಂದು ಡಬ್ಬಿಗೆ ಹಾಕುತ್ತಿದ್ದ. ಅದನ್ನು ನೋಡಿ ಗಂಟಲಿಗೆ ತಡೆಯಲಾಗಲಿಲ್ಲ.

"ಅಕ್ಕ, ಎರಡು ಗಂಟೆ ಉಳಿದಿದೆ. ಗೊತ್ತಿದ್ರೆ ಹೇಳಿಬಿಡು."

"ಯಾರು ಅಂತ ಗೊತ್ತು, ಎಲ್ಲಿ ಅಂತ ಗೊತ್ತು. ಯಾಕೆ ಅನ್ನೋದು ಪೂರ್ತಿ ಗೊತ್ತಾಗಿಲ್ಲ. ತಾವಾಗೇ ಹೇಳಲಿ ಅಂತ ಕಾಯ್ತಾ ಇದೀನಿ." ಅವಳ ಮುಖ ಗಟ್ಟಿಯಾಗಿತ್ತು. "ನೀನೊಂದು ಕೆಲಸ ಮಾಡು. ಹಿಂದಿನ ಓಣಿಗೆ ಹೋಗಿ ಆ ಗುಜರಿ ಮೇಲೆ ಕೂತ್ಕೊ. ಯಾರು ಏನು ಹೇಳಿದ್ರೂ ಏಳಬೇಡ."

ಹತ್ತೊಂಬತ್ತು ವರ್ಷದಲ್ಲಿ ಅವಳು ಹೇಳಿದ್ದನ್ನು ಯಾಕೆ ಎಂದು ಕೇಳಿ ಅವನು ಒಮ್ಮೆಯೂ ಉದ್ಧಾರವಾಗಿರಲಿಲ್ಲ. ಹೋಗಿ ಕೂತ. ತಗಡಿನ ಅಂಚು ಒತ್ತುತ್ತಿತ್ತು. ಎದುರಿನ ಗೋಡೆಗೆ ಮೇಸ್ತ್ರಿಯ ಕೈಬರಹದ ಚೀಟಿ ಅಂಟಿಸಿತ್ತು: 'ಗುಜರಿ ಲಾರಿ, ಬುಧವಾರ ನಾಲ್ಕಕ್ಕೆ.' ಅರ್ಧ ಗಂಟೆಯಲ್ಲಿ ಸೊಸೆ ಎರಡು ಸಲ ಆ ದಾರಿಯಲ್ಲಿ ಬಂದಳು. ಎರಡನೆಯ ಸಲ ನಿಂತು, "ಇಲ್ಲಿ ಯಾಕೆ ಕೂತಿದೀರ? ಲಾರಿ ಬರುತ್ತಲ್ಲ, ಏಳಿ," ಎಂದಳು.

"ಬಂದಾಗ ಏಳ್ತೀನಿ ಬಿಡಮ್ಮ," ಎಂದ ಗಂಟಲು. ಅವಳು ಅತ್ತ ಹೋದಳು. ತಾನು ಏತರ ಮೇಲೆ ಕೂತಿದ್ದೇನೆಂದು ಅವನಿಗೆ ಆಗ ಹೊಳೆಯಿತು.

ಮೂರೂವರೆಗೆ ಲಾರಿ ಬಂತು, ಅರ್ಧ ಗಂಟೆ ಮೊದಲೇ. ಚಾಲಕ ಹಾರ್ನ್ ಒತ್ತಿಯೇ ಒತ್ತಿದ. ಗಂಟಲು ಏಳಲಿಲ್ಲ. ಕೂಲಿಯವರು ಬಂದು ಅವನ ಸುತ್ತ ನಿಂತಾಗ ಬೆರಳಕ್ಕ ಬಂದಳು, ಅವಳ ಹಿಂದೆ ಮ್ಯಾನೇಜರ್, ಮೇಸ್ತ್ರಿ, ಡಬ್ಬಿ ಹಿಡಿದ ಬೈಂಡರ್, ಕೊನೆಯಲ್ಲಿ ಸೊಸೆ. ಓಣಿಯಲ್ಲಿ ಆರು ಜನಕ್ಕೆ ಉಸಿರಾಡಲು ಜಾಗವಿರಲಿಲ್ಲ. ಬೆರಳಕ್ಕ ಕೂಲಿಯವರಿಗೆ ಹತ್ತು ನಿಮಿಷ ಹೊರಗಿರಲು ಹೇಳಿದಳು.

"ಮ್ಯಾನೇಜರ್ ಸಾರ್, ನೀವು ಈ ಚೀಟಿಯ ಕಾಗುಣಿತ ಹಿಡಿದುಕೊಂಡ್ರಿ. ನಾನೂ ಅದನ್ನೇ ಹಿಡಿದೆ," ಎಂದು ಶುರುಮಾಡಿದಳು. "ಬೈಂಡರ್ ಕೆಲಸಕ್ಕೆ ಕೆಳಸ ಅಂತಾನೆ, ನಿಜ. ಆದ್ರೆ ಅವನ ಅರ್ಜಿ ಇನ್ನೊಂದು ಸಲ ನೋಡಿ. ಸಂಬಂಧಿಕರಿಗೆ ಸಂಬಂದಿಕರು, ಖಾಲಿಗೆ ಕಾಲಿ. ಒತ್ತಿ ಹೇಳೋ ಅಕ್ಷರ ಇವನ ಕೈಯಿಂದ ಈ ಜನ್ಮದಲ್ಲಿ ಬಂದಿಲ್ಲ. ಬೇಕಾದ ಕಡೆಯೇ ಬರೆಯದವನು ಬೇಡದ ಕಡೆ 'ಭೇಡಿ' ಅಂತ ಯಾಕೆ ಬರೀತಾನೆ?"

"ಬೆರಳು ಜಾರಿರಬಹುದು," ಎಂದರು ಮ್ಯಾನೇಜರ್.

"ಸರಿ, ಜಾರಲಿ. ಮುಗಿಯಲ್ಲ ಅನ್ನೋದು ಶುಗಿಯಲ್ಲ ಆಗಿದೆ. ಮ ಗೊತ್ತಿಲ್ಲದೆ ಶ ಬರೆಯೋನು ಯಾವ ಊರಲ್ಲಿದ್ದಾನೆ? ಗಂಟಲು, ನೀನು ಸ್ಲೇಟು ಕಲಿತಾಗ ನಾನು ನಿಂಗೆ ಯಾಕೆ ಬೈತಿದ್ದೆ?"

ಗಂಟಲಿಗೆ ಕಣ್ಣು ತೆರೆದಂತಾಯಿತು. ಸ್ಲೇಟೆಂದರೆ ಹಾಳೆ ಕಚ್ಚಿಕೊಳ್ಳುವ ಲೋಹದ ಪಟ್ಟಿ; ಮೊನೆಯಿಂದ ಒತ್ತುವುದು ಹಾಳೆಯ ಹಿಂಬದಿಗೆ, ಓದುವುದು ಮಗುಚಿದ ಮೇಲೆ. ಆದ್ದರಿಂದ ಬಲದಿಂದ ಎಡಕ್ಕೆ ಬರೆಯಬೇಕು, ಒಂದೊಂದು ಅಕ್ಷರವನ್ನೂ ಕನ್ನಡಿಯಲ್ಲಿ ಕಂಡಂತೆ ತಿರುವಿ ಬರೆಯಬೇಕು. ಮೂರು ತಿಂಗಳು ಅವನ ಕೈ ಅದಕ್ಕೆ ಒಗ್ಗಿರಲಿಲ್ಲ.

"ತಿರುವಿ ಬರೆಯೋದು ಮರೀತಿದ್ದೆ," ಎಂದ. "ಎಡಗಡೆ ಎರಡು ಚುಕ್ಕಿ ಬಂದ್ರೆ ಬ. ಅದೇ ಬಲಗಡೆ ಬಂದ್ರೆ ಭ. ಎಡಗಡೆ ಮೂರು ಲ, ಬಲಗಡೆ ಮೂರು ಳ." ಅವನು ಗಾಳಿಯಲ್ಲಿ ಬೆರಳಾಡಿಸಿದ. "ಮ ತಿರುಗಿದ್ರೆ ಶ."

"ಅಷ್ಟೆ. ಇದು ಕಾಗುಣಿತದ ತಪ್ಪಲ್ಲ ಸಾರ್, ಕನ್ನಡಿ ತಪ್ಪು. ಬೈಂಡರ್ ಆರನೇ ವಯಸ್ಸಿಂದ ಸ್ಲೇಟು ಹಿಡಿದೋನು, ನಾನೂ ಅಷ್ಟೆ. ನಿದ್ದೆಗಣ್ಣಲ್ಲೂ ನಮಗೆ ಈ ತಪ್ಪು ಆಗಲ್ಲ. ಮೇಸ್ತ್ರಿ ಮೂವತ್ತಾರು ವರ್ಷ ತಗಡಿನ ಹಿಂಬದಿಗೇ ಹೊಡೆದೋರು, ಅವರಿಗೂ ಆಗಲ್ಲ. ನಿಮಗೆ ಅಕ್ಷರವೇ ಗೊತ್ತಿಲ್ಲ. ಉಳಿದೋರು ಇಬ್ಬರು. ಗಂಟಲು, ನಿನ್ನನ್ನೂ ಹತ್ತು ನಿಮಿಷ ಕಳ್ಳರ ಪಟ್ಟಿಯಲ್ಲಿ ಇಟ್ಟಿದ್ದೆ, ಬೇಜಾರು ಮಾಡ್ಕೋಬೇಡ."

ಗಂಟಲಿಗೆ ಬೇಜಾರಾಯಿತು. ಆದರೆ ಅದಕ್ಕೆ ಸಮಯವಿರಲಿಲ್ಲ.

"ಆಮೇಲೆ ಮೇಸ್ತ್ರಿಯ ಸೀಸದ ಹಲಗೆ. ಶುಕ್ರವಾರ ನುಣ್ಣಗಿತ್ತು, ಇವತ್ತು ಗುಳಿ. ಅವರು ಇಲ್ಲದ ಸೋಮವಾರ ಯಾರೋ ತಿದ್ದುಪಡಿಗೆ ಕೂತಿದ್ರು. ಹಿಂಬದಿಯಿಂದ ಹೊಡೆದಾಗ ಹಲಗೆ ಮೇಲೆ ತಿರುಗಿದ ಅಕ್ಷರ ಬೀಳಬೇಕು. ಇಲ್ಲಿ ಬಹಳಷ್ಟು ಅಕ್ಷರ ನೆಟ್ಟಗೆ ಬಿದ್ದಿವೆ. ಚೀಟಿಯಲ್ಲಿರೋ ತಪ್ಪೇ ಹಲಗೆ ಮೇಲೂ ಇದೆ, ಎರಡೂ ಒಂದೇ ಕೈ. ಸುತ್ತಿಗೆ ಅಭ್ಯಾಸ ಇಲ್ಲದ ಕೈ, ತನ್ನ ಹೆಬ್ಬೆರಳಿಗೇ ಹೊಡ್ಕೊಂಡಿದೆ. ಅದಕ್ಕೇ ಜಾಗದ ಪಟ್ಟಿ ತಡ ಆಗ್ತಿದೆ."

ಮೇಸ್ತ್ರಿ ನಿಧಾನವಾಗಿ ತಿರುಗಿ ಸೊಸೆಯ ಕೈ ನೋಡಿದರು. ಅವಳು ಹೆಬ್ಬೆರಳನ್ನು ಸೆರಗಿನೊಳಗೆ ಮುಚ್ಚಿಕೊಂಡಳು.

"ಇನ್ನು ತಗಡು. ಗೇಟು ದಾಟಿಲ್ಲ. ನಿನ್ನೆ ಮಂಡಿಗಿಂತ ಕೆಳಗಿದ್ದ ಗುಜರಿ ಇವತ್ತು ನನ್ನ ತೊಡೆ ಮುಟ್ತಿದೆ. ರೋಲರ್ ಬೆಲ್ಟು ಹೋದ ಗುರುವಾರ ಹರಿದಿದೆ, ಒಂದು ತಗಡೂ ಚಪ್ಪಟೆ ಆಗಿಲ್ಲ. ಹಾಗಾದ್ರೆ ಪೇರಿಕೆ ಹೇಗೆ ಬೆಳೀತು? ಗಂಟಲು, ಏಳು. ಮೇಲಿನ ಹತ್ತು ಹದಿನೈದು ಸರಿಸು."

ಅವನು ಸರಿಸಿದ. ಚಪ್ಪಟೆ ತಗಡುಗಳ ಕೆಳಗೆ ಚುಕ್ಕಿ ತುಂಬಿದ ತಗಡು ಹೊಳೆಯಿತು. ಮೂಲೆಯಲ್ಲಿ ಹತ್ತನೆಯ ಸಂಪುಟದ ಗುರುತಿತ್ತು.

ಹೊರಗೆ ಲಾರಿ ಇನ್ನೊಮ್ಮೆ ಹಾರ್ನ್ ಹೊಡೆಯಿತು.

"ಯಾಕಮ್ಮ?" ಎಂದರು ಮೇಸ್ತ್ರಿ. ಬೈಯಬೇಕೆಂದಿದ್ದರೇನೋ, ಅಷ್ಟೇ ಬಾಯಿಗೆ ಬಂತು.

ಸೊಸೆ ಗೋಡೆಗೆ ಒರಗಿದಳು. "ನೀವು ರಾತ್ರಿ ಊಟದ ಹೊತ್ತಲ್ಲೂ ಆ ಹನ್ನೊಂದನ್ನೇ ಎಣಿಸ್ತಿದ್ರಿ ಮಾವ. ಸೋಮವಾರ ನೀವು ಬರೋದ್ರೊಳಗೆ ಮುಗಿಸಿಟ್ಟು, ಕೊನೇದಕ್ಕೆ ನಾನೇ ಗೆರೆ ಎಳೀಬೇಕು ಅಂತಿದ್ದೆ. ತಿರುವಿ ಹೊಡೀಬೇಕು ಅಂತ ತಲೆಗೆ ಗೊತ್ತು, ಕೈಗೆ ಗೊತ್ತಿಲ್ಲ. ಮಂಗಳವಾರ ಒಂದು ಹಾಳೆ ಒತ್ತಿ ನೋಡಿದೆ. ಮಕ್ಕಳ ನಿಘಂಟು, ಅದರಲ್ಲಿ ಬಲ ಹೋಗಿ ಭಳ ಆಗಿತ್ತು. ಅರವತ್ತೊಂದು ತಪ್ಪು ಇದ್ದದ್ದು ನೂರಾಗಿತ್ತು. ಶುಕ್ರವಾರ ಮಂಡಳಿಯವರು ನಿಮ್ಮ ಜಾಗಕ್ಕೆ ಯಾರು ಅಂತ ತೀರ್ಮಾನ ಮಾಡ್ತಾರೆ. 'ಇವಳ ಕೈ ಇನ್ನೂ ಹಣ್ಣಾಗಿಲ್ಲ' ಅಂತ ನೀವೇ ಬರೆದು ಕೊಟ್ಟಿದ್ದೀರಿ."

ಮೇಸ್ತ್ರಿ ತಲೆ ತಗ್ಗಿಸಿದರು.

"ತಗಡು ಗುಜರಿಗೆ ಹೋದ್ರೆ, ನೀವು ಮನೇಲಿ ಕೂತ ಮೇಲೆ ನಿಧಾನಕ್ಕೆ ಹೊಸದಾಗಿ ಮಾಡೋಣ ಅಂತಿದ್ದೆ. ಸುಮ್ನೆ ಕಾಣೆಯಾದ್ರೆ ಕಟ್ಟಡವೆಲ್ಲ ಅಗೀತೀರಿ ಅಂತ ಚೀಟಿ ಬರೆದೆ. ಯಂತ್ರದಲ್ಲಿ ಬರೆದ್ರೆ ನಾನೇ ಅಂತ ಗೊತ್ತಾಗುತ್ತಲ್ಲ, ಕೈಗೆ ಸಿಕ್ಕ ಸ್ಲೇಟು ತಗೊಂಡೆ. ಮುಗಿಯಲ್ಲ ಅನ್ನೋ ಬೈಂಡರ್ ಅಣ್ಣನ ಮಾತೇ ಕಿವೀಲಿತ್ತು." ಅವಳು ಬೈಂಡರನ ಕಡೆ ತಿರುಗಿದಳು. "ನಿಮ್ಮ ಮೇಲೆ ಬರುತ್ತೆ ಅಂತ ನಿಜವಾಗ್ಲೂ ಹೊಳೀಲಿಲ್ಲ ಅಣ್ಣ. ಬಂದ ಮೇಲೆ ಬಾಯಿ ಬರಲಿಲ್ಲ. ಬೆಳಗ್ಗೆಯಿಂದ ಹತ್ತು ಸಲ ಎದ್ದು ಹತ್ತು ಸಲ ಕೂತೆ. ಅದು ದೊಡ್ಡ ತಪ್ಪು. ತಗಡಿಗಿಂತ ದೊಡ್ಡದು."

ಎಲ್ಲರೂ ಬೈಂಡರನ ಮುಖ ನೋಡಿದರು. ಅವನು ಡಬ್ಬಿಯನ್ನು ಒಂದು ಕಂಕುಳಿನಿಂದ ಇನ್ನೊಂದಕ್ಕೆ ಬದಲಾಯಿಸಿದ.

"ಇಪ್ಪತ್ತೆರಡು ವರ್ಷದ ಸಾಮಾನು ಇಷ್ಟು ಸಣ್ಣ ಡಬ್ಬಿಗೆ ಹಿಡೀತು ನೋಡಮ್ಮ," ಎಂದ. "ಅದೇ ನಂಗೆ ಹೆಚ್ಚು ನೋವಾಗಿದ್ದು. ನೀನು ಕ್ಷಮೆ ಕೇಳಿದ್ದೀಯ, ನಿನ್ನದು ಮುಗೀತು. ಮ್ಯಾನೇಜರ್ ಸಾರ್ ಇನ್ನೂ ಕೇಳಿಲ್ಲ."

ಮ್ಯಾನೇಜರರ ಮುಖ ಕೆಂಪಾಯಿತು. "ತಪ್ಪಾಯ್ತು. ಬರೆದು ಕೊಡ್ತೀನಿ ಬೇಕಾದ್ರೆ."

"ಕೊಡಿ. ನಂಗೆ ಓದೋಕೆ ಬರೋ ಹಾಗೆ ಕೊಡಿ. ಅಲ್ಲೀವರೆಗೂ ಡಬ್ಬಿ ಬಿಚ್ಚಲ್ಲ."

ಗುರುವಾರ ಪೂರ್ತಿ ಮ್ಯಾನೇಜರ್ ತಮ್ಮ ಕೋಣೆಯ ಬಾಗಿಲು ಹಾಕಿಕೊಂಡು ಗಂಟಲಿನ ಎದುರು ಸ್ಲೇಟು ಹಿಡಿದು ಕೂತರು. ಸಂಜೆಗೆ ಬೆವರು ಒರೆಸಿಕೊಂಡು ಒಂದು ಸಾಲಿನ ಹಾಳೆ ತಂದು ಬೈಂಡರನ ಕೈಗೆ ಕೊಟ್ಟರು. ಅವನು ಬೆರಳಾಡಿಸಿ, ಗಂಭೀರವಾಗಿ, "'ದಯವಿಟ್ಟು ಕ್ಷಶಿಸಿ,'" ಎಂದು ಓದಿದ. "ಕಾಗುಣಿತ ಸರಿಯಿಲ್ಲ ಸಾರ್. ಆದ್ರೂ ಇಟ್ಕೋತೀನಿ." ಆಮೇಲೆ ಡಬ್ಬಿ ಬಿಚ್ಚಿ ಸೂಜಿಗಳನ್ನು ಅವುಗಳ ಜಾಗಕ್ಕೆ ಚುಚ್ಚಿದ.

ಶುಕ್ರವಾರ ಮಂಡಳಿಯವರ ಮುಂದೆ ನಡೆದದ್ದನ್ನು ಸೊಸೆ ತಾನೇ ಹೇಳಿದಳು. ಮೇಸ್ತ್ರಿ ತಮ್ಮ ಹಳೆಯ ಪತ್ರವನ್ನು ವಾಪಸು ಕೇಳಿ, ಕೊನೆಯ ಸಾಲಿನಲ್ಲಿ ಒಂದು ಪದ ಸೇರಿಸಿ ಕೊಟ್ಟರು. 'ಇವಳ ಕೈ ಇನ್ನೂ ಹಣ್ಣಾಗಿಲ್ಲ' ಎಂದಿದ್ದದ್ದು 'ಇವಳ ಕೈ ನನ್ನಿಂದಾಗಿ ಇನ್ನೂ ಹಣ್ಣಾಗಿಲ್ಲ' ಎಂದಾಗಿತ್ತು. ಆರು ತಿಂಗಳು ನೋಡೋಣ ಎಂದು ಮಂಡಳಿ ತೀರ್ಮಾನಿಸಿತು.

ಶನಿವಾರ ಬೀಳ್ಕೊಡುಗೆಯ ಹಾರ, ಭಾಷಣ ಎಲ್ಲ ಮುಗಿದ ಮೇಲೆ ಮೇಸ್ತ್ರಿ ಗೋಡೆಯ ಪಟ್ಟಿಯ ಮುಂದೆ ನಿಂತರು. ಹತ್ತಕ್ಕೆ ಗೆರೆಯಿತ್ತು. ಅವರು ಪೆನ್ಸಿಲು ತೆಗೆದು ಹನ್ನೊಂದರ ಕೆಳಗೆ ಏನೋ ಬರೆಯಲು ಹೋಗಿ, ಬಿಟ್ಟು, ಪಟ್ಟಿಯನ್ನೇ ಕಿತ್ತು ಮಡಿಚಿ ಜೇಬಿಗೆ ಹಾಕಿಕೊಂಡರು. "ಎಲ್ಲ ನೆನಪಿಟ್ಟು ಬರೆದೆ," ಎಂದರು ಗಂಟಲಿಗೆ. "ಕೈ ಹಿಡಿದು ಕಲಿಸೋದೊಂದು ಬರೀಲೇ ಇಲ್ಲ ನೋಡು."

ಸೋಮವಾರ ಬೆಳಗ್ಗೆ ಕರಡಿನ ಕೋಣೆಯಲ್ಲಿ ಬೆರಳಕ್ಕ ಮತ್ತು ಗಂಟಲು ಎಂದಿನಂತೆ ಎದುರುಬದುರು ಕೂತಿದ್ದಾಗ ಪಕ್ಕದಿಂದ ಸುತ್ತಿಗೆಯ ಸದ್ದು ಬಂತು. ಒಂದು ಹೊಡೆತ, ಬಹಳ ಹೊತ್ತು ಮೌನ, ಇನ್ನೊಂದು ಹೊಡೆತ. ಗಂಟಲು ಎದ್ದು ಇಣುಕಿದ. ಬೆಂಚಿನ ಮುಂದೆ ಸೊಸೆ ಕೂತಿದ್ದಳು, ಅವಳ ಪಕ್ಕದ ಸ್ಟೂಲಿನಲ್ಲಿ ಮೇಸ್ತ್ರಿ. ಅವರಿಗೆ ಅಲ್ಲಿ ಕೆಲಸವಿರಲಿಲ್ಲ, ಸಂಬಳವೂ ಇರಲಿಲ್ಲ. ತಮ್ಮ ಎರಡು ಕೈಗಳನ್ನೂ ತೊಡೆಯ ಕೆಳಗೆ ಸೇರಿಸಿ, ಅವು ಎಲ್ಲಿ ಎದ್ದು ಸುತ್ತಿಗೆ ಕಿತ್ತುಕೊಳ್ಳುತ್ತವೋ ಎಂದು ಅದುಮಿ ಕೂತಿದ್ದರು.

"ಬಲದಿಂದ ಶುರು ಮಾಡಮ್ಮ," ಎನ್ನುತ್ತಿದ್ದರು. "ಅವಸರ ಇಲ್ಲ."

ಹನ್ನೊಂದು ಗಂಟೆಗೆ ಮೊದಲ ಹಾಳೆ ಬಂತು. ಗಂಟಲು ಮೂಲ ಓದತೊಡಗಿದ, ಬೆರಳಕ್ಕನ ಬೆರಳು ಸಾಲಿನ ಮೇಲೆ ಸರಿಯತೊಡಗಿತು. ಮೂರನೆಯ ಸಾಲಿನಲ್ಲಿ, ತಿದ್ದಿದ ಜಾಗದಲ್ಲಿ ಅದು ನಿಂತಿತು. ಗಂಟಲು ಓದುವುದು ನಿಲ್ಲಿಸಿದ. ಪಕ್ಕದ ಕೋಣೆಯ ಸುತ್ತಿಗೆಯೂ ನಿಂತಿತು.

"ಲ," ಎಂದಳು ಬೆರಳಕ್ಕ, ಆ ಕಡೆಗೂ ಕೇಳುವಷ್ಟು ಗಟ್ಟಿಯಾಗಿ. "ಲ ಸರಿಯಾಗಿದೆ. ಮುಂದೆ ಓದು."